ವಂಶದಿಂದ ಬಂದ ಅಧಿಕ ಕೊಲೆಸ್ಟರಾಲ್: ಪಥ್ಯ ಮತ್ತು ಜೀವನಕ್ರಮದಿಂದ ಎಷ್ಟು ಇಳಿಸಬಹುದು?

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನನಗೆ 37 ವರ್ಷ. ಇತ್ತೀಚಿನ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ (ರಕ್ತನಾಳಗಳಲ್ಲಿ ಕಟ್ಟಿಕೊಳ್ಳುವ 'ಕೆಟ್ಟ' ಕೊಲೆಸ್ಟರಾಲ್) ಪ್ರತಿ ಡೆಸಿಲೀಟರ್‌ಗೆ 238 ಮಿಲಿಗ್ರಾಂ ಇದೆ ಎಂದು ಬಂದಿದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು), ಸಕ್ಕರೆ, ರಕ್ತದೊತ್ತಡ ಮೂರೂ ಸಹಜ ಮಿತಿಯಲ್ಲಿವೆ. ನನ್ನ ತೂಕವೂ ಹೆಚ್ಚಿಲ್ಲ, ಧೂಮಪಾನದ ಅಭ್ಯಾಸವಿಲ್ಲ. ಆದರೆ ನಮ್ಮ ತಂದೆಯವರಿಗೆ 46ನೆಯ ವಯಸ್ಸಿನಲ್ಲೇ ಹೃದಯಾಘಾತವಾಗಿತ್ತು, ಅವರ ತಂಗಿಗೂ ಚಿಕ್ಕ ವಯಸ್ಸಿನಿಂದ ಕೊಲೆಸ್ಟರಾಲ್ ಹೆಚ್ಚು. ಇವೆಲ್ಲವನ್ನೂ ಕೇಳಿದ ವೈದ್ಯರು ಇದು ವಂಶವಾಹಿಯಿಂದ ಬಂದಿರುವ ಸಾಧ್ಯತೆ ಹೆಚ್ಚೆಂದು ಹೇಳಿ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಆರಂಭಿಸುವಂತೆ ಸೂಚಿಸಿದ್ದಾರೆ.

ಮಾತ್ರೆಯ ಬಗ್ಗೆ ನನಗೆ ವಿರೋಧವಿಲ್ಲ. ಆದರೆ ಅದಕ್ಕೂ ಮೊದಲು, ಪಥ್ಯವನ್ನೂ ವ್ಯಾಯಾಮವನ್ನೂ ಪೂರ್ಣ ಶ್ರದ್ಧೆಯಿಂದ ಪಾಲಿಸಿದರೆ ಈ ಸಂಖ್ಯೆ ಎಷ್ಟು ಇಳಿಯಬಹುದು ಎಂಬುದನ್ನು ತಿಳಿಯಬಯಸುತ್ತೇನೆ. ಮನೆಯಲ್ಲಿ 9 ವರ್ಷದ ಮಗಳಿದ್ದಾಳೆ, ಅವಳ ಬಗ್ಗೆಯೂ ಚಿಂತೆಯಿದೆ. ಅನುಭವವುಳ್ಳವರು, ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಪಥ್ಯಾಹಾರ ತಜ್ಞೆ

ತಮ್ಮ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರಿಸುವುದು ಒಳ್ಳೆಯದು, ಏಕೆಂದರೆ ಈ ವಿಷಯದಲ್ಲಿ ಅತಿಯಾದ ಭರವಸೆಯೂ ಅತಿಯಾದ ನಿರಾಶೆಯೂ ಒಂದೇ ಪ್ರಮಾಣದಲ್ಲಿ ಹರಡಿವೆ.

ಮೊದಲು ದೇಹದಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಈ ಗ್ರಾಹಕವನ್ನು 1970ರ ದಶಕದಲ್ಲಿ ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಂದ ದೋಷವುಳ್ಳ ವಂಶವಾಹಿ ಬಂದಿದ್ದರೆ ಈ ಗ್ರಾಹಕಗಳಲ್ಲಿ ಸರಿಸುಮಾರು ಅರ್ಧದಷ್ಟು ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಆದ್ದರಿಂದ ಕೊಲೆಸ್ಟರಾಲ್ ಹೆಚ್ಚಿರುವುದಕ್ಕೆ ನೀವು ತಿಂದ ಆಹಾರ ಮೂಲ ಕಾರಣವಲ್ಲ. ಹಾಗೆಂದು ಆಹಾರಕ್ಕೆ ಇದರಲ್ಲಿ ಪಾತ್ರವೇ ಇಲ್ಲ ಎನ್ನುವುದೂ ಸರಿಯಲ್ಲ. ಬೆಣ್ಣೆ, ತೆಂಗಿನೆಣ್ಣೆಯಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಯಕೃತ್ತು ಈ ಗ್ರಾಹಕಗಳ ಸಂಖ್ಯೆಯನ್ನು ಇನ್ನಷ್ಟು ತಗ್ಗಿಸುತ್ತದೆ. ಮೊದಲೇ ಅರ್ಧ ಬಲದಲ್ಲಿ ನಡೆಯುತ್ತಿರುವ ವ್ಯವಸ್ಥೆಗೆ ಇದು ಎರಡನೆಯ ಪೆಟ್ಟು.

ಹೀಗಾಗಿ ಮೊದಲ ಕೆಲಸವೆಂದರೆ ಬೆಣ್ಣೆ, ಕೆನೆ, ಕೊಬ್ಬಿರುವ ಮಾಂಸ, ತಾಳೆ ಎಣ್ಣೆ, ತೆಂಗಿನೆಣ್ಣೆ ಮುಂತಾದವುಗಳ ಜಾಗದಲ್ಲಿ ಅಸ್ಯಾಚುರೇಟೆಡ್ ಕೊಬ್ಬಿರುವ ಎಣ್ಣೆ, ಬೀಜ ಮತ್ತು ಮೀನನ್ನು ತರುವುದು. ದಿನದ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ. 7ಕ್ಕಿಂತ ಕಡಿಮೆಯಿರಬೇಕು. ಇಲ್ಲಿ 'ಜಾಗದಲ್ಲಿ' ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಬೆಣ್ಣೆಯನ್ನು ಬಿಟ್ಟು ಆ ಹಸಿವನ್ನು ಸಕ್ಕರೆ ಮತ್ತು ಮೈದಾದಿಂದ ತುಂಬಿಸಿಕೊಂಡವರ ಟ್ರೈಗ್ಲಿಸರೈಡ್ ಏರುತ್ತದೆಯೇ ಹೊರತು ಹೃದಯಕ್ಕೆ ಸಿಗಬೇಕಾದ ಲಾಭ ಸಿಗುವುದಿಲ್ಲ. ವನಸ್ಪತಿಯಲ್ಲಿಯೂ ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿಯೂ ಇರುವ ಟ್ರಾನ್ಸ್ ಕೊಬ್ಬನ್ನಂತೂ ಪೂರ್ತಿಯಾಗಿ ಬಿಡಬೇಕು.

ಎರಡನೆಯದು ಕರಗುವ ನಾರು. ಓಟ್ಸ್, ಬಾರ್ಲಿ, ಎಲ್ಲ ಬಗೆಯ ಕಾಳುಗಳು, ಬೆಂಡೆ, ಬದನೆ, ಸೇಬು, ಇಸಬ್ಗೋಲ್ ಇವುಗಳಲ್ಲಿ ಇದು ಚೆನ್ನಾಗಿದೆ. ಈ ನಾರು ಕರುಳಿನಲ್ಲಿ ಲೋಳೆಯಂತಾಗಿ ಪಿತ್ತಾಮ್ಲಗಳನ್ನು (ಕೊಬ್ಬನ್ನು ಜೀರ್ಣಿಸಲು ಯಕೃತ್ತು ತಯಾರಿಸುವ ಅಂಶಗಳನ್ನು) ಹಿಡಿದಿಟ್ಟು ಮಲದೊಂದಿಗೆ ಹೊರಹಾಕುತ್ತದೆ. ಕಳೆದುಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕು, ಆಗ ಅದು ರಕ್ತದಿಂದಲೇ ಎಳೆದುಕೊಳ್ಳುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರಿನಿಂದ ಎಲ್‌ಡಿಎಲ್ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಓಟ್ಸ್‌ನಲ್ಲಿರುವ ಬೀಟಾ ಗ್ಲುಕಾನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಬೇಕೆಂದರೆ ಸುಮಾರು 75 ಗ್ರಾಂ ಒಣ ಓಟ್ಸ್ ತಿನ್ನಬೇಕಾಗುತ್ತದೆ. ಒಂದೆರಡು ಚಮಚ ಉದುರಿಸಿಕೊಂಡರೆ ಸಾಲದು.

ಕೊಲೆಸ್ಟರಾಲ್ ಅನ್ನೇ ಹೋಲುತ್ತ, ಕರುಳು ಅದನ್ನು ಹೀರುವುದನ್ನು ತಗ್ಗಿಸುವ ಸಸ್ಯ ಸ್ಟೆರಾಲ್‌ಗಳನ್ನು ದಿನಕ್ಕೆ 2 ಗ್ರಾಂ ಸೇವಿಸಿದರೆ ಶೇ. 8ರಿಂದ 10ರಷ್ಟು ಇಳಿತ ಸಾಧ್ಯ. ಇವನ್ನು ಸೇರಿಸಿ ತಯಾರಿಸಿದ ಆಹಾರಗಳಿಂದ ಮಾತ್ರ ಅಷ್ಟು ಪ್ರಮಾಣ ದೊರೆಯುತ್ತದೆ, ಸಾಮಾನ್ಯ ಊಟದಲ್ಲಿ ಅಷ್ಟಿರುವುದಿಲ್ಲ. ಇದರ ಬಗ್ಗೆ ಒಂದು ಎಚ್ಚರಿಕೆಯಿದೆ. ಸಸ್ಯ ಸ್ಟೆರಾಲ್‌ಗಳೇ ರಕ್ತದಲ್ಲಿ ಸಂಗ್ರಹವಾಗುವ ಸಿಟೊಸ್ಟೆರಾಲೀಮಿಯಾ ಎಂಬ ಅಪರೂಪದ ಕಾಯಿಲೆಯೂ ಮೇಲ್ನೋಟಕ್ಕೆ ವಂಶಪಾರಂಪರ್ಯ ಕೊಲೆಸ್ಟರಾಲ್‌ನಂತೆಯೇ ಕಾಣುತ್ತದೆ. ಅಂಥವರಿಗೆ ಇವು ಹಾನಿಕರ. ಆದ್ದರಿಂದ ವೈದ್ಯರಿಗೆ ತಿಳಿಸದೆ ಇವನ್ನು ಆರಂಭಿಸಬೇಡಿ.

ಇನ್ನು ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ ಎಷ್ಟು? ಟೊರಾಂಟೊದ ಡೇವಿಡ್ ಜೆಂಕಿನ್ಸ್ ಅವರ ತಂಡವು ಸಸ್ಯ ಸ್ಟೆರಾಲ್, ಕರಗುವ ನಾರು, ಸೋಯಾ ಪ್ರೋಟೀನ್ ಮತ್ತು ಬಾದಾಮಿಯನ್ನು ಒಂದೇ ಪಥ್ಯದಲ್ಲಿ ಕೂಡಿಸಿ, ಊಟವನ್ನೆಲ್ಲ ತಾವೇ ಒದಗಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ತಿಂಗಳಲ್ಲಿ ಎಲ್‌ಡಿಎಲ್ ಶೇ. 28.6ರಷ್ಟು ಇಳಿದಿತ್ತು. ಅದೇ ಪಥ್ಯವನ್ನು ಜನರು ತಮ್ಮ ತಮ್ಮ ಮನೆಗಳಲ್ಲಿ ಸಲಹೆಯ ಮೇರೆಗೆ ಪಾಲಿಸಿದಾಗ, 2011ರ ವರದಿಯ ಪ್ರಕಾರ, ಆರು ತಿಂಗಳಲ್ಲಿ ಕಂಡ ಇಳಿತ ಶೇ. 13ರಿಂದ 14ರಷ್ಟು. ತಮ್ಮ 238ಕ್ಕೆ ಇದನ್ನು ಅನ್ವಯಿಸಿದರೆ, ಶೇ. 15 ಇಳಿದರೂ 202 ಉಳಿಯುತ್ತದೆ. ಯಾರೂ ದೀರ್ಘಕಾಲ ಪಾಲಿಸಲಾಗದಷ್ಟು ಕಟ್ಟುನಿಟ್ಟಿನಿಂದ ಶೇ. 30 ಇಳಿಸಿದರೂ 167 ಉಳಿಯುತ್ತದೆ. ಆ ಎರಡು ಸಂಖ್ಯೆಗಳೂ ತಮ್ಮ ಕುಟುಂಬದ ಹಿನ್ನೆಲೆಯಲ್ಲಿ ಸುರಕ್ಷಿತವಲ್ಲ.

ಮಾತ್ರೆ ತೆಗೆದುಕೊಳ್ಳುತ್ತಿರುವ ಓದುಗ

ತಜ್ಞೆಯವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದೇ ಲೆಕ್ಕದಿಂದ ನನಗೊಂದು ಪ್ರಶ್ನೆ ಹುಟ್ಟುತ್ತದೆ. ಒಂದು ಮಾತ್ರೆಯೇ ಅರ್ಧದಷ್ಟು ಇಳಿಸುವುದಾದರೆ, ಶೇ. 13ಕ್ಕಾಗಿ ಊಟದ ರೂಢಿಯನ್ನೆಲ್ಲ ಬದಲಿಸಿಕೊಳ್ಳುವುದರಲ್ಲಿ ಏನು ಅರ್ಥವಿದೆ? ನನಗೂ ಇದೇ ಸ್ಥಿತಿಯಿದ್ದು, ಮಾತ್ರೆಯಿಂದಲೇ ನೆಮ್ಮದಿಯಾಗಿದ್ದೇನೆ.

ಹೃದಯ ವಿಭಾಗದ ವೈದ್ಯ

ಇದು ಕೇಳಲೇಬೇಕಾದ ಪ್ರಶ್ನೆ. ಉತ್ತರವನ್ನು ಒಂದು ಕುಟುಂಬದ ಇತಿಹಾಸದಿಂದಲೇ ಹೇಳುತ್ತೇನೆ. ನೆದರ್ಲೆಂಡ್ಸಿನ ಸಂಶೋಧಕರು ಈ ವಂಶವಾಹಿ ದೋಷವಿರುವ ಒಂದು ದೊಡ್ಡ ಮನೆತನದ ವಂಶವೃಕ್ಷವನ್ನು ಎರಡು ಶತಮಾನಗಳಷ್ಟು ಹಿಂದಕ್ಕೆ ಜಾಲಾಡಿ, ಯಾರು ಎಷ್ಟು ಕಾಲ ಬದುಕಿದರು ಎಂಬುದನ್ನು 2001ರಲ್ಲಿ ಪ್ರಕಟಿಸಿದರು. 19ನೆಯ ಶತಮಾನದಲ್ಲಿ ಆ ದೋಷವನ್ನು ಹೊತ್ತಿದ್ದವರ ಮರಣ ಪ್ರಮಾಣ ಉಳಿದ ಜನರಿಗಿಂತ ಹೆಚ್ಚಿರಲಿಲ್ಲ. 1915ರ ನಂತರ ಅದು ಏರತೊಡಗಿ, 1935ರಿಂದ 1964ರ ನಡುವೆ ಅತ್ಯಂತ ಹೆಚ್ಚಾಗಿ, ಬಳಿಕ ಇಳಿಯಿತು. ವಂಶವಾಹಿ ಅದೇ, ಬದಲಾದದ್ದು ಬದುಕುವ ರೀತಿ. ಚೀನಾದಲ್ಲಿ ನೆಲೆಸಿದ್ದವರನ್ನೂ ಕೆನಡಾದಲ್ಲಿ ನೆಲೆಸಿದ ಚೀನೀ ಮೂಲದವರನ್ನೂ ಹೋಲಿಸಿದ 1998ರ ಅಧ್ಯಯನವೂ ಇದನ್ನೇ ತೋರಿಸಿತು. ಇಬ್ಬರಿಗೂ ಈ ದೋಷವಿದ್ದರೂ ಕೆನಡಾದಲ್ಲಿದ್ದವರ ಎಲ್‌ಡಿಎಲ್ ಬಹಳ ಹೆಚ್ಚಿತ್ತು, ಅವರಲ್ಲಿ ಹಲವರಿಗೆ ಸ್ನಾಯುರಜ್ಜುಗಳಲ್ಲಿ ಕೊಬ್ಬಿನ ಗಂಟುಗಳಿದ್ದವು. ಚೀನಾದಲ್ಲಿದ್ದವರಲ್ಲಿ ಯಾರಲ್ಲೂ ಇರಲಿಲ್ಲ.

ಆದ್ದರಿಂದ ಜೀವನಕ್ರಮವನ್ನು ಕೇವಲ ಶೇ. 13ರ ಸಂಖ್ಯೆಯಿಂದ ಅಳೆಯಬೇಡಿ. ಧೂಮಪಾನ, ಮಧುಮೇಹ, ರಕ್ತದೊತ್ತಡ ಇವು ಎಲ್‌ಡಿಎಲ್ ಸಂಖ್ಯೆಯಲ್ಲಿ ಕಾಣಿಸುವುದಿಲ್ಲ, ಆದರೆ ಅದೇ ಎಲ್‌ಡಿಎಲ್ ರಕ್ತನಾಳದ ಗೋಡೆಗೆ ಮಾಡುವ ಹಾನಿಯನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಇನ್ನೊಂದು ವಿಷಯವೂ ಇದೆ. ಸ್ಟ್ಯಾಟಿನ್ ಪ್ರಮಾಣವನ್ನು ಇಮ್ಮಡಿಸಿದರೆ ಸಿಗುವ ಹೆಚ್ಚುವರಿ ಇಳಿತ ಸುಮಾರು ಶೇ. 6 ಮಾತ್ರ. ಪಥ್ಯದಿಂದ ಶೇ. 12 ಇಳಿಸಿಕೊಂಡವರು, ಮಾತ್ರೆಯ ಪ್ರಮಾಣವನ್ನು ಎರಡು ಸಲ ಇಮ್ಮಡಿಸಿದಷ್ಟು ಲಾಭವನ್ನು ಊಟದಿಂದಲೇ ಪಡೆದಂತಾಯಿತು.

ಆದರೆ ಪಥ್ಯದ ಮೇಲಿನ ಈ ಗೌರವವು ಮಾತ್ರೆಯನ್ನು ಮುಂದೂಡಲು ನೆಪವಾಗಬಾರದು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಚಿಕಿತ್ಸೆ ಇಲ್ಲದಿದ್ದರೆ ಈ ಸ್ಥಿತಿಯಿರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 50 ವರ್ಷದೊಳಗೆ, ಹೆಂಗಸರಲ್ಲಿ ಸುಮಾರು ಶೇ. 30ರಷ್ಟು ಜನರಿಗೆ 60 ವರ್ಷದೊಳಗೆ ಹೃದಯದ ರಕ್ತನಾಳದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯರಿಗೆ ನಡುವಯಸ್ಸಿನಲ್ಲಿ ಏರುವ ಕೊಲೆಸ್ಟರಾಲ್ ಇವರಿಗೆ ಹುಟ್ಟಿದ ದಿನದಿಂದಲೇ ಏರಿರುತ್ತದೆ. 37 ವರ್ಷದವರ ರಕ್ತನಾಳ 37 ವರ್ಷಗಳಿಂದ ಅದನ್ನು ಸಹಿಸಿಕೊಂಡಿದೆ.

ಆಹಾರದಿಂದಲೇ ಗುಣ ಕಂಡ ಓದುಗ

ಎಲ್ಲರೂ ಮಾತ್ರೆಯತ್ತಲೇ ಒಯ್ಯುತ್ತಿದ್ದೀರಿ ಎನಿಸುತ್ತದೆ. ನನ್ನ ಎಲ್‌ಡಿಎಲ್ 172 ಇದ್ದದ್ದು ತೂಕ ಇಳಿಸಿ, ಕರಿದ ತಿಂಡಿ ಬಿಟ್ಟು, ದಿನವೂ ನಡೆದ ಮೇಲೆ 118ಕ್ಕೆ ಬಂದಿದೆ. ನಮ್ಮ ತಾಯಿಗೂ ಕೊಲೆಸ್ಟರಾಲ್ ಇತ್ತು. ಹಾಗಾದರೆ ನನ್ನದೂ ವಂಶದಿಂದ ಬಂದದ್ದೇ ಅಲ್ಲವೇ?

ಹೃದಯ ವಿಭಾಗದ ವೈದ್ಯ

ತಾವು ಸಾಧಿಸಿದ್ದು ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಪ್ರಶ್ನೆ ಕೇಳಿದವರ ಸ್ಥಿತಿಯೂ ತಮ್ಮದೂ ಬಹುಶಃ ಬೇರೆ ಬೇರೆ. 'ಮನೆಯಲ್ಲಿ ಎಲ್ಲರಿಗೂ ಇದೆ' ಎನ್ನುವ ಕೊಲೆಸ್ಟರಾಲ್‌ನಲ್ಲಿ ಬಹುಪಾಲು, ಅನೇಕ ವಂಶವಾಹಿಗಳ ಸಣ್ಣ ಸಣ್ಣ ಪರಿಣಾಮಗಳು ಕೂಡಿ, ಅದರ ಜೊತೆಗೆ ಒಂದೇ ಅಡುಗೆಮನೆಯ ಊಟವೂ ಸೇರಿ ಉಂಟಾಗುವಂಥದ್ದು. ಅದು ಪಥ್ಯಕ್ಕೆ ಚೆನ್ನಾಗಿ ಮಣಿಯುತ್ತದೆ. ಇಲ್ಲಿ ಚರ್ಚಿಸುತ್ತಿರುವುದು ಒಂದೇ ವಂಶವಾಹಿಯ ದೋಷದಿಂದ, ಅಂದರೆ ಎಲ್‌ಡಿಎಲ್ ಗ್ರಾಹಕ, ಅಪೊಬಿ ಅಥವಾ ಪಿಸಿಎಸ್‌ಕೆ9 ವಂಶವಾಹಿಯ ದೋಷದಿಂದ ಬರುವ ಸ್ಥಿತಿಯನ್ನು. ಇದು ಸುಮಾರು 250 ಜನರಲ್ಲಿ ಒಬ್ಬರಿಗಿದೆ. ವಯಸ್ಕರಲ್ಲಿ ಚಿಕಿತ್ಸೆಯಿಲ್ಲದ ಎಲ್‌ಡಿಎಲ್ 190ಕ್ಕಿಂತ ಹೆಚ್ಚಿರುವುದು, ಹತ್ತಿರದ ಸಂಬಂಧಿಕರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿರುವುದು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪವಾಗಿರುವುದು, 45 ವರ್ಷದೊಳಗೇ ಕಣ್ಣಿನ ಕಪ್ಪು ಭಾಗದ ಸುತ್ತ ಬೂದು ಬಣ್ಣದ ಉಂಗುರ ಕಾಣಿಸುವುದು ಇದರ ಮುಖ್ಯ ಸುಳಿವುಗಳು. ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆ, ಕೆಲವು ಔಷಧಿಗಳಿಂದಲೂ ಎಲ್‌ಡಿಎಲ್ ಏರುವುದರಿಂದ ಅವುಗಳನ್ನು ಮೊದಲು ಪರೀಕ್ಷಿಸಿ ನೋಡಬೇಕು.

ತಮಗೆ ಒಪ್ಪಿದ ಮಾರ್ಗ ಇನ್ನೊಬ್ಬರಿಗೂ ಒಪ್ಪೀತೆಂದು ಹೇಳುವ ಮೊದಲು ಈ ವ್ಯತ್ಯಾಸವನ್ನು ಗಮನಿಸಬೇಕಾಗಿ ವಿನಂತಿ. ಏಕೆಂದರೆ ಒಂದೇ ವಂಶವಾಹಿಯ ದೋಷವಿರುವವರು ಇಂತಹ ಯಶಸ್ಸಿನ ಕಥೆಯನ್ನು ಓದಿ, ತಮ್ಮ ಶ್ರದ್ಧೆ ಸಾಲದೆಂದು ನೊಂದುಕೊಂಡು, ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದುಬಿಡುತ್ತಾರೆ.

ಓಟದ ಹವ್ಯಾಸವಿರುವ ಓದುಗಿ

ನನಗೂ ಈ ದೋಷವಿದೆ ಎಂದು ವಂಶವಾಹಿ ಪರೀಕ್ಷೆಯಲ್ಲಿ ಖಚಿತವಾಗಿದೆ. ವ್ಯಾಯಾಮದ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ. ಎಷ್ಟು ಓಡಿದರೂ ನನ್ನ ಎಲ್‌ಡಿಎಲ್ ಹೆಚ್ಚೇನೂ ಇಳಿಯಲಿಲ್ಲ. ವ್ಯಾಯಾಮದ ಲಾಭ ಟ್ರೈಗ್ಲಿಸರೈಡ್, ರಕ್ತದೊತ್ತಡ, ಸಕ್ಕರೆ ಮತ್ತು ತೂಕದಲ್ಲಿ ಕಾಣುತ್ತದೆ, ಎಲ್‌ಡಿಎಲ್ ಮೇಲೆ ಅದರ ಪ್ರಭಾವ ಅಲ್ಪವೆಂದು ನನ್ನ ವೈದ್ಯರೂ ವಿವರಿಸಿದರು. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯನ್ನು ಎಲ್ಲರೂ ರೂಢಿಸಿಕೊಳ್ಳಬಹುದು. ಆದರೆ ದೀರ್ಘ ಓಟ, ಭಾರ ಎತ್ತುವಿಕೆ ಮುಂತಾದ ಕಠಿಣ ವ್ಯಾಯಾಮವನ್ನು ಹೊಸದಾಗಿ ಆರಂಭಿಸುವ ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ದೇಹ ಗಟ್ಟಿಮುಟ್ಟಾಗಿ ಕಂಡ ಮಾತ್ರಕ್ಕೆ ನಮ್ಮಂಥವರ ರಕ್ತನಾಳಗಳೂ ಚೆನ್ನಾಗಿವೆಯೆಂದು ತಿಳಿಯಲಾಗದು.

ಗರ್ಭ ಧರಿಸುವ ಯೋಚನೆಯಿರುವ ಹೆಂಗಸರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಆ ಅವಧಿಯಲ್ಲಿ ಸ್ಟ್ಯಾಟಿನ್ ಅನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ, ಆ ತಿಂಗಳುಗಳಲ್ಲಿ ಪಥ್ಯವೇ ಮುಖ್ಯ ಆಸರೆಯಾಗುತ್ತದೆ.

ಮತ್ತೊಬ್ಬ ಓದುಗ

ಎರಡು ಸಂದೇಹಗಳಿವೆ. ಕೆಂಪು ಯೀಸ್ಟ್ ಅಕ್ಕಿಯ (ಒಂದು ಬಗೆಯ ಬೂಷ್ಟಿನಿಂದ ಹುದುಗಿಸಿದ ಕೆಂಪು ಅಕ್ಕಿಯ) ಗುಳಿಗೆ ನೈಸರ್ಗಿಕವಾದ್ದರಿಂದ ಸ್ಟ್ಯಾಟಿನ್‌ಗಿಂತ ಸುರಕ್ಷಿತವೆಂದು ಹೇಳುತ್ತಾರೆ, ನಿಜವೇ? ಹಾಗೆಯೇ ಹಿಟ್ಟಿನ ಪದಾರ್ಥಗಳನ್ನು ಪೂರ್ತಿ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೋ ಪಥ್ಯದಿಂದ ತೂಕ ಇಳಿಯುತ್ತದಲ್ಲ, ಅದು ನಮಗೆ ಆಗದೇ?

ಪಥ್ಯಾಹಾರ ತಜ್ಞೆ

ಕೆಂಪು ಯೀಸ್ಟ್ ಅಕ್ಕಿಯಲ್ಲಿರುವ ಮೊನಕೊಲಿನ್ ಕೆ ಎಂಬುದು ರಾಸಾಯನಿಕವಾಗಿ ಲೊವಾಸ್ಟ್ಯಾಟಿನ್ ಎಂಬ ಮಾತ್ರೆಯೇ. ಅಂದರೆ ಅದನ್ನು ನುಂಗುವವರು ಸ್ಟ್ಯಾಟಿನ್ ಅನ್ನೇ ನುಂಗುತ್ತಾರೆ, ಆದರೆ ಎಷ್ಟು ಪ್ರಮಾಣವೆಂದು ತಿಳಿಯದೆ. ಒಂದು ತಯಾರಿಕೆಗೂ ಇನ್ನೊಂದಕ್ಕೂ ಪ್ರಮಾಣ ಬಹಳ ಬದಲಾಗುತ್ತದೆ, ಕೆಲವದರಲ್ಲಿ ಸಿಟ್ರಿನಿನ್ ಎಂಬ, ಮೂತ್ರಪಿಂಡಕ್ಕೆ ಹಾನಿ ಮಾಡುವ ವಿಷಾಂಶವೂ ಕಂಡುಬಂದಿದೆ. ಅದರ ಬದಲು ಅಳತೆ ಗೊತ್ತಿರುವ ಮಾತ್ರೆಯೇ ಮೇಲು.

ಕೀಟೋ ಪಥ್ಯದಿಂದ ಕೆಲವರ ಎಲ್‌ಡಿಎಲ್, ಅದರಲ್ಲೂ ತೆಳ್ಳಗಿರುವವರದು, ಗಣನೀಯವಾಗಿ ಏರುತ್ತದೆ. ಈ ವಂಶವಾಹಿ ದೋಷವಿರುವವರಿಗೆ ಅದನ್ನು ನಾನು ಎಂದಿಗೂ ಸೂಚಿಸುವುದಿಲ್ಲ. ಕಾಫಿ ಕುಡಿಯುವವರು ಇನ್ನೊಂದನ್ನು ಗಮನಿಸಬಹುದು. ಕಾಗದದ ಶೋಧಕದಲ್ಲಿ ಸೋಸದೆ, ಪುಡಿಯನ್ನು ಕುದಿಸಿ ಕುಡಿಯುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಅಂಶವಿದ್ದು, ಅದು ಎಲ್‌ಡಿಎಲ್ ಅನ್ನು ಏರಿಸುತ್ತದೆ. ಕಾಗದದಲ್ಲಿ ಸೋಸಿದರೆ ಅದರ ಬಹುಪಾಲು ಅಲ್ಲೇ ಉಳಿಯುತ್ತದೆ. ಮೊಟ್ಟೆಯ ವಿಷಯದಲ್ಲಿ ಜನರು ಪಡುವಷ್ಟು ಭಯ ಬೇಕಿಲ್ಲ, ಆಹಾರದ ಕೊಲೆಸ್ಟರಾಲ್‌ಗಿಂತ ಸ್ಯಾಚುರೇಟೆಡ್ ಕೊಬ್ಬಿನ ಪ್ರಭಾವವೇ ದೊಡ್ಡದು. ಆದರೂ ಈ ಸ್ಥಿತಿಯಿರುವವರು ಹಳದಿ ಭಾಗವನ್ನು ಮಿತಗೊಳಿಸುವುದು ಒಳ್ಳೆಯದು.

ಇಬ್ಬರು ಮಕ್ಕಳ ತಾಯಿ

ಪ್ರಶ್ನೆ ಕೇಳಿದವರು ಮಗಳ ಬಗ್ಗೆ ಬರೆದಿದ್ದಕ್ಕೆ ಯಾರೂ ಇನ್ನೂ ಉತ್ತರಿಸಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ನನ್ನ ಪತಿಗೆ ಈ ದೋಷವಿದೆ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ವೈದ್ಯರು ಹೇಳಿದಾಗ ಇಬ್ಬರು ಮಕ್ಕಳಿಗೂ ಪರೀಕ್ಷೆ ಮಾಡಿಸಿದೆವು, ದೊಡ್ಡವನಿಗೆ ಇದೆ, ಚಿಕ್ಕವಳಿಗೆ ಇಲ್ಲ. ಹತ್ತು ವರ್ಷದೊಳಗೆ ಪರೀಕ್ಷಿಸುವುದು ಒಳ್ಳೆಯದೆಂದು ನಮಗೆ ತಿಳಿಸಿದ್ದರು, ಆದ್ದರಿಂದ ತಮ್ಮ ಮಗಳಿಗೆ ಇದು ಸರಿಯಾದ ವಯಸ್ಸು.

ಮನೆಯಲ್ಲಿ ಮಗನಿಗೆ ಬೇರೆ ತಟ್ಟೆ ಮಾಡಬಾರದೆಂದು ಮೊದಲೇ ನಿಶ್ಚಯಿಸಿದೆವು. ಎಲ್ಲರೂ ಒಂದೇ ಅಡುಗೆ ಉಣ್ಣುತ್ತೇವೆ. ಹುಟ್ಟುಹಬ್ಬದ ಕೇಕನ್ನು ಅವನಿಂದ ಕಿತ್ತುಕೊಳ್ಳುವುದಿಲ್ಲ. ಕಾಯಿಲೆಯ ಹೆಸರು ಹೇಳಿ ಹೆದರಿಸುತ್ತ ಬೆಳೆಸಿದರೆ ಮಗು ಊಟವನ್ನೇ ಶತ್ರುವೆಂದು ಭಾವಿಸುತ್ತದೆ, ದೊಡ್ಡವನಾದ ಮೇಲೆ ಹಟದಿಂದ ಎಲ್ಲವನ್ನೂ ಬಿಟ್ಟುಬಿಡಲೂಬಹುದು. ಅವನಿಗೆ ತಿಳಿಯುವ ಮಾತಿನಲ್ಲಿ ಕಾರಣವನ್ನು ವಿವರಿಸಿದ್ದೇವೆ. ಸಿಗರೇಟಿನ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಇಲ್ಲವೆಂದು ಈಗಿನಿಂದಲೇ ಹೇಳುತ್ತ ಬಂದಿದ್ದೇವೆ.

ಹೃದಯ ವಿಭಾಗದ ವೈದ್ಯ

ಮೇಲಿನ ಬರಹವನ್ನು ಓದಿ ಬಹಳ ಸಂತೋಷವಾಯಿತು. ಮಕ್ಕಳಿಗೆ 8ರಿಂದ 10 ವರ್ಷದ ಹೊತ್ತಿಗೆ ಸ್ಟ್ಯಾಟಿನ್ ಆರಂಭಿಸುವುದನ್ನು ಕೇಳಿ ಹೆತ್ತವರು ಗಾಬರಿಯಾಗುವುದು ಸಹಜ. ಅವರಿಗಾಗಿ ಒಂದು ಮಾಹಿತಿ: ನೆದರ್ಲೆಂಡ್ಸಿನಲ್ಲಿ ಬಾಲ್ಯದಲ್ಲೇ ಸ್ಟ್ಯಾಟಿನ್ ಆರಂಭಿಸಿದ 214 ಮಕ್ಕಳನ್ನು 20 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 39 ವರ್ಷದ ಹೊತ್ತಿಗೆ ಅವರಲ್ಲಿ ಶೇ. 1ರಷ್ಟು ಜನರಿಗೆ ಹೃದಯ ಮತ್ತು ರಕ್ತನಾಳದ ತೊಂದರೆ ಕಾಣಿಸಿತ್ತು. ಇದೇ ದೋಷವಿದ್ದ ಅವರ ತಂದೆತಾಯಿಯರಲ್ಲಿ ಅದೇ ವಯಸ್ಸಿಗೆ ಆ ಪ್ರಮಾಣ ಶೇ. 26 ಇತ್ತು. ಆ ಹಿರಿಯರ ಬಾಲ್ಯದಲ್ಲಿ ಈ ಔಷಧಿ ಇರಲಿಲ್ಲ. ಮೊದಲ ಸ್ಟ್ಯಾಟಿನ್‌ಗೆ ಅನುಮತಿ ಸಿಕ್ಕಿದ್ದೇ 1987ರಲ್ಲಿ.

ಪ್ರಶ್ನೆ ಕೇಳಿದವರು

ಕೆಲವು ತಿಂಗಳ ನಂತರ ಬರೆಯುತ್ತಿದ್ದೇನೆ, ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ತಜ್ಞೆಯವರು ಬರೆದ ಪಥ್ಯವನ್ನು ಇಡೀ ಮನೆಯವರು ಪಾಲಿಸಿದೆವು. ಔಷಧಿಯಿಲ್ಲದೆ ಎಲ್‌ಡಿಎಲ್ 238ರಿಂದ 209ಕ್ಕೆ ಇಳಿಯಿತು, ಅಂದರೆ ಸುಮಾರು ಶೇ. 12. ಆಮೇಲೆ ಪಥ್ಯವನ್ನು ಬಿಡದೆ ಸ್ಟ್ಯಾಟಿನ್ ಆರಂಭಿಸಿದೆ, ಈಗ 104 ಇದೆ. ಥೈರಾಯ್ಡ್ ಸಹಜವಾಗಿದೆ. ಮಗಳ ಎಲ್‌ಡಿಎಲ್ 181 ಬಂದಿದ್ದು, ಮಕ್ಕಳ ತಜ್ಞರನ್ನು ಕಾಣಲಿದ್ದೇವೆ.

ಮಾತ್ರೆ ಆರಂಭಿಸಿದ ಮೇಲೆ ತೊಡೆಗಳಲ್ಲಿ ಸ್ವಲ್ಪ ನೋವಿದೆ. ಇದು ಮಾತ್ರೆಯದ್ದೇ ಎಂದು ತಿಳಿಯುವುದು ಹೇಗೆ? ನಮ್ಮ ಅಣ್ಣನಿಗೆ ಇದೇ ನೋವಿನ ಭಯದಿಂದ ಪರೀಕ್ಷೆಯನ್ನೇ ಮಾಡಿಸಿಕೊಳ್ಳುವ ಮನಸ್ಸಿಲ್ಲ.

ಹೃದಯ ವಿಭಾಗದ ವೈದ್ಯ

ನೋವನ್ನು ನಿರ್ಲಕ್ಷಿಸಬೇಡಿ, ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬೇಡಿ. ವೈದ್ಯರಿಗೆ ತಿಳಿಸಿದರೆ ರಕ್ತದಲ್ಲಿ ಸ್ನಾಯುಗಳ ಕಿಣ್ವವನ್ನು ಪರೀಕ್ಷಿಸುತ್ತಾರೆ, ಬೇಕಾದರೆ ಕೆಲವು ವಾರ ಬಿಡಿಸಿ ಮತ್ತೆ ಆರಂಭಿಸುತ್ತಾರೆ ಅಥವಾ ಬೇರೆ ಸ್ಟ್ಯಾಟಿನ್ ಕೊಡುತ್ತಾರೆ. ಅಡ್ಡಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧಿಯಿಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಏನನ್ನೂ ಕೊಡದೆ ನೋಡಿದ ಸ್ಯಾಮ್ಸನ್ ಎಂಬ ಪ್ರಯೋಗದ ಫಲಿತಾಂಶ 2020ರಲ್ಲಿ ಬಂದಿತು. ಸ್ಟ್ಯಾಟಿನ್‌ನಿಂದ ಅವರು ಅನುಭವಿಸಿದ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆ ನುಂಗಿದಾಗಲೂ ಇತ್ತು. ಆ ನೋವು ಸುಳ್ಳೆಂದು ಇದರ ಅರ್ಥವಲ್ಲ, ಅದರ ಕಾರಣ ಬೇರೆಯಾಗಿರಬಹುದು. ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಆರಂಭಿಸಿದರು.

ತಮ್ಮ 104 ಒಳ್ಳೆಯ ಪ್ರಗತಿ, ಆದರೆ ಯುರೋಪಿನ ಮಾರ್ಗಸೂಚಿಯಂತೆ ಈ ಸ್ಥಿತಿಯಿರುವವರಿಗೆ, ಹೃದಯದ ಕಾಯಿಲೆ ಇಲ್ಲದಿದ್ದರೂ, ಗುರಿ 70ಕ್ಕಿಂತ ಕೆಳಗೆ. ಕರುಳು ಕೊಲೆಸ್ಟರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಸೇರಿಸಿದರೆ ಇನ್ನೂ ಶೇ. 20ರಷ್ಟು ಇಳಿಯಬಹುದು. ಅದೂ ಸಾಲದಿದ್ದರೆ 2015ರಿಂದ ಬಳಕೆಗೆ ಬಂದಿರುವ ಎಲ್‌ಡಿಎಲ್ ಗ್ರಾಹಕಗಳನ್ನು ನಾಶಪಡಿಸುವ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳಿವೆ. ಜೀವನದಲ್ಲಿ ಒಮ್ಮೆ ಲಿಪೊಪ್ರೋಟೀನ್ ಎ ಎಂಬ, ಎಲ್‌ಡಿಎಲ್ ಅನ್ನು ಹೋಲುವ ಇನ್ನೊಂದು ಕಣದ ಪರೀಕ್ಷೆಯನ್ನೂ ಮಾಡಿಸಿ. ಅದೂ ವಂಶದಿಂದ ಬರುವಂಥದ್ದು, ಪಥ್ಯಕ್ಕೆ ಬಗ್ಗುವುದಿಲ್ಲ. ಅದು ಹೆಚ್ಚಿದ್ದರೆ ಎಲ್‌ಡಿಎಲ್ ಗುರಿಯನ್ನು ಇನ್ನಷ್ಟು ಬಿಗಿಗೊಳಿಸಬೇಕಾಗುತ್ತದೆ.

ಅಣ್ಣನವರಿಗೆ ಮಾತ್ರೆಯ ಮಾತನ್ನು ಈಗಲೇ ಎತ್ತಬೇಡಿ. ಒಂದು ಸಲ ರಕ್ತ ಕೊಡಲು ಮಾತ್ರ ಕೇಳಿ, ಎಲ್‌ಡಿಎಲ್ ಪರೀಕ್ಷೆಗೆ ಉಪವಾಸವೂ ಸಾಮಾನ್ಯವಾಗಿ ಬೇಕಿಲ್ಲ. ತಮ್ಮ ಮತ್ತು ಮಗಳ ವರದಿಗಳನ್ನು ಅವರ ಕೈಗೇ ಕೊಟ್ಟು ಓದಲು ಬಿಡಿ. ಅವರಿಗೂ ಮಕ್ಕಳಿದ್ದರೆ, ಆ ಮಕ್ಕಳ ಸಲುವಾಗಿಯಾದರೂ ಅವರು ಒಪ್ಪಬಹುದು.

ಪ್ರಶ್ನೆ ಕೇಳಿದವರು

ಅವರಿಗೆ ಇಬ್ಬರು ಗಂಡುಮಕ್ಕಳಿದ್ದಾರೆ. ಈ ಭಾನುವಾರ ಅತ್ತಿಗೆಯವರ ಎದುರಿನಲ್ಲೇ ಮಾತನಾಡುತ್ತೇನೆ. ನಮ್ಮ ಅತ್ತೆಯವರಿಗೂ, ಅಂದರೆ ತಂದೆಯ ತಂಗಿಗೂ ಪತ್ರ ಬರೆದಿದ್ದೇನೆ. ಅವರ ಮಕ್ಕಳಲ್ಲಿ ಯಾರಿಗೂ ಇದುವರೆಗೆ ಪರೀಕ್ಷೆಯಾಗಿಲ್ಲ.